ಅಮಾವಾಸ್ಯೆಯ ಕಾಯಿನೀರು

ಅಂದು ಬೆಳಿಗ್ಗೆ ನಲ್ಲಿಯ ನೀರನ್ನು ದಾಕ್ಷಾಯಣಿಯೇ ಹಿಡಿದಳು. ಗಂಡನನ್ನು ಮಣ್ಣು ಮಾಡಿದ ದಿನದಿಂದ ಓಣಿಯ ಹೆಂಗಸರು ಸರದಿಯಲ್ಲಿ ಕೊಡ ತುಂಬಿ ಕೊಡುತ್ತಿದ್ದರು. ಗಣಾರಾಧನೆ ಮುಗಿಯಿತು, ನೆಂಟರು ಬಸ್ಸು ಹತ್ತಿದರು, ಓಣಿಯವರ ಕೈಗಳು ಅವರವರ ಮನೆಗೆ ತಿರುಗಿದವು. ತುಂಬಿದ ಕೊಡ ಸೊಂಟಕ್ಕಿಟ್ಟು ಬರುವಾಗ ಮನೆಗಂಟಿದ ಶೆಡ್ಡು ಕಣ್ಣಿಗೆ ಬಿತ್ತು. ಬಿಳಿ ಅಂಬಾಸಡರ್ ಇನ್ನೂ ಅಲ್ಲೇ ನಿಂತಿತ್ತು. ಕಾರಿನ ವೈರಿಂಗ್ ಎಂದರೆ ಬಳ್ಳಾರಿಯಲ್ಲಿ ಅವಳ ಗಂಡ ಕೊಟ್ರಬಸಪ್ಪನ ಹೆಸರಿತ್ತು. ಆ ಹೆಸರು ಈಗ ಆ ಕಾರಿನಡಿ ಸಿಕ್ಕಿಕೊಂಡಿತ್ತು.

ಕಾರಿನ ಧಣಿ, ಸಿರುಗುಪ್ಪದ ಅಕ್ಕಿ ಗಿರಣಿಯ ವಿರೂಪಾಕ್ಷಪ್ಪ, ಬಿಸಿಲೇರುವ ಹೊತ್ತಿಗೆ ಬಂದ. ಬಸ್ಸಿನಲ್ಲಿ ಬರಬೇಕಾಯಿತೆಂಬ ಸಿಟ್ಟು ಬೆವರಿನ ಜೊತೆಗೇ ಇಳಿಯುತ್ತಿತ್ತು.

"ಸತ್ತೋರ ಮ್ಯಾಲ ಮಾತಾಡಬಾರ್ದು. ಆದ್ರ ನಿನ್ನ ಗಂಡ ನನ್ನ ಏಸಿ ಕಾಯಿಲ್ ತಗದು ಗುಜರಿ ಮಾಲು ಹಾಕ್ಯಾನ. ನಂದು ನನಗ ಕೊಡು."

ಹೈದರಾಬಾದಿನಲ್ಲಿ ಕೂಡಿಸಿದ ಹಳೆಯ ಏಸಿ ಅದು. ಆ ಬೇಸಿಗೆಯಲ್ಲಿ ಮತ್ತೆ ಮತ್ತೆ ಕೆಟ್ಟಿತ್ತು. ಪ್ರತಿ ಸಲವೂ ಕೊಟ್ರಬಸಪ್ಪ ಕಂಪ್ರೆಸರಿನ ಕಾಯಿಲ್ ಬಿಚ್ಚಿ, ಒರೆಸಿ, ಮತ್ತೆ ಕೂಡಿಸಿದ್ದ. ಶೆಡ್ಡಿನಲ್ಲಿ ತಣ್ಣನೆ ಗಾಳಿ ಬರುತ್ತಿತ್ತು. ಸಿರುಗುಪ್ಪ ಮುಟ್ಟುವಷ್ಟರಲ್ಲಿ ನಿಲ್ಲುತ್ತಿತ್ತು.

"ಅವರು ಕದಿಯೋರಲ್ಲ ಸಾವ್ಕಾರ್ರ."

"ಕುರುಗೋಡಿನ ಉಚ್ಚೆಂಗೆಪ್ಪನ ಬ್ಯಾಟರಿ ಅಂಗಡ್ಯಾಗ ಮಂದಿ ಮುಂದ ಹೇಳಿ ಬಂದೀನಿ. ಬಳ್ಳಾರ್ಯಾಗೂ ಹೇಳ್ತೀನಿ. ಕಳ್ಳನ ಶೆಡ್ಡಿಗೆ ಯಾರು ಗಾಡಿ ಬಿಡ್ತಾರ ನೋಡೂಣು."

ಅತ್ತೆ ಚನ್ನವೀರಮ್ಮ ಹೊಸ್ತಿಲಲ್ಲಿ ಬಂದು ನಿಂತರು. "ಏನು ಬೇಕೋ ತಗೊಂಡು ಹೋಗ್ಲಿ, ಕದಾ ಹಾಕು. ಧಾರವಾಡದಾಗ ಫಿಸಿಕ್ಸ್ ಎಂ.ಎಸ್ಸಿ. ಓದಿ ಬಂದಾಕಿಗೆ ನನ್ನ ಮಗನ ಜ್ವರಾನ ತಿಳೀಲಿಲ್ಲ. ಕಾರು ತಿಳೀತೈತೇನು?"

ಮಾತು ತಾಕಬೇಕಾದ ಜಾಗ ಮರಗಟ್ಟಿತ್ತು. ದಾಕ್ಷಾಯಣಿ ಒಳಗೆ ಹೋಗಿ ಕಪಾಟಿನಿಂದ ಕರೆಂಟು ಅಳೆಯುವ ಮೀಟರ್ ತಂದಳು. ಗಂಡನ ಮೀಟರ್ ಕೆಳಗೆ ಬಿದ್ದು ಸುಳ್ಳು ಹೇಳುತ್ತಿತ್ತು. ಅದಕ್ಕೇ ಉಚ್ಚೆಂಗೆಪ್ಪನದನ್ನು ಎರವಲು ತಂದಿದ್ದ. ತಂದ ಸಂಜೆ ಅದರ ವೈರಿಗೆ ಏನೋ ಬೆಸುಗೆ ಹಾಕುತ್ತ ಕೂತಿದ್ದವನು ರಾತ್ರಿ ಚಳಿ ಎಂದ. ಆಮೇಲೆ ಅವನು ಶೆಡ್ಡಿಗೆ ಬರಲಿಲ್ಲ.

"ಕಾರು ಚಾಲೂ ಮಾಡ್ರಿ. ಏಸಿ ಸ್ವಿಚ್ಚೂ ಹಾಕ್ರಿ."

"ನೀನು ನೋಡ್ತೀಯಾ? ನಗಸಬ್ಯಾಡ ತಂಗಿ."

"ನಗ್ರಿ. ನಗಕೋತ ಚಾಲೂ ಮಾಡ್ರಿ."

ಎಂಜಿನ್ ಓಡಿತು. ಕಂಪ್ರೆಸರ್ ಸುಮ್ಮನಿತ್ತು. ಕಾಯಿಲ್‌ಗೆ ಕರೆಂಟು ಹರಿದರೆ ಕಂಪ್ರೆಸರ್ 'ಟಕ್' ಎಂದು ಬೆಲ್ಟಿನ ಗಾಲಿಯನ್ನು ಹಿಡಿದುಕೊಳ್ಳಬೇಕು. ಅವಳು ಕಾಯಿಲ್‌ಗೆ ಬರುವ ವೈರಿಗೆ ಮೀಟರಿನ ಕೆಂಪು ಮೊನೆ, ಬ್ಯಾಟರಿಯ ನೆಗೆಟಿವ್‌ಗೆ ಕಪ್ಪು ಮೊನೆ ಹಿಡಿದಳು. ಮುಳ್ಳು ಹನ್ನೆರಡು ವೋಲ್ಟು ದಾಟಿತು. ಅಂದರೆ ಫ್ಯೂಸು, ಸ್ವಿಚ್ಚು ಎಲ್ಲ ನೆಟ್ಟಗಿವೆ. ಎಂಜಿನ್ ನಿಲ್ಲಿಸಿ, ವೈರು ಬಿಡಿಸಿ ಕಾಯಿಲನ್ನು ಅಳೆದಳು. ಅದೂ ಸುಟ್ಟಿರಲಿಲ್ಲ. ಅದರ ಅಂಚಿನ ಜಿಡ್ಡನ್ನು ಸೆರಗಿನಿಂದ ಒರೆಸಿದಾಗ ಹಸಿರು ಬಣ್ಣದ ಗುರುತು ಕಂಡಿತು.

"ಇದು ಯಾರದು?"

ವಿರೂಪಾಕ್ಷಪ್ಪ ಬಗ್ಗಿ ನೋಡಿದ. ಹೈದರಾಬಾದಿನ ಅಂಗಡಿಯವನು ತನ್ನೆದುರೇ ಬಳಿದ ಗುರುತು. "ಗುರುತು ಯಾರಾರ ಹಚ್ಚಬೌದು," ಎಂದ. ದನಿ ಮಾತ್ರ ಇಳಿದಿತ್ತು.

ಉಳಿದದ್ದು ಕರೆಂಟು ಮರಳುವ ದಾರಿ. ಕಾಯಿಲಿನ ಇನ್ನೊಂದು ವೈರು ಮುಂಭಾಗದ ಜಾಲರಿಯ ಹಿಂದೆ ಕಾರಿನ ಮೈಗೆ ಬೋಲ್ಟು ಮಾಡಿದ್ದ ಕಡೆ ಹೋಗಿತ್ತು. ವೈರುಗಳನ್ನು ಮತ್ತೆ ಸಿಕ್ಕಿಸಿ, ಎಂಜಿನ್ ಚಾಲೂ ಮಾಡಿಸಿ, ಆ ಬೋಲ್ಟಿನ ಬಳಿ ವೈರಿಗೇ ಕೆಂಪು ಮೊನೆ ಹಿಡಿದಳು. ಸೊನ್ನೆ ಇರಬೇಕಾದ ಜಾಗದಲ್ಲಿ ಮುಳ್ಳು ಮತ್ತೆ ಅಷ್ಟಕ್ಕೇ ಏರಿತು. ಕರೆಂಟು ಅಲ್ಲಿಯವರೆಗೆ ಬಂದು, ದಾಟಲಾರದೆ ನಿಂತಿತ್ತು. ಟಾರ್ಚ್ ಬಿಟ್ಟಳು. ಬೋಲ್ಟಿನ ಸುತ್ತ ಹಸಿರು ಕಿಲುಬು ಹೆಪ್ಪುಗಟ್ಟಿತ್ತು. ಅದರಲ್ಲೊಂದು ತೆಂಗಿನ ನಾರು.

"ಅಮಾಸಿಗೆ ಕಾಯಿ ಎಲ್ಲಿ ಒಡಿತೀರಿ?"

"ಗಾಡಿ ಮುಂದ. ಮತ್ತೆಲ್ಲಿ?"

"ನೀರು?"

"ಜಾಲ್ರಿ ಮ್ಯಾಲ ಚೆಲ್ತೀವಿ. ನಮ್ಮವ್ವನ ಕಾಲದಿಂದ ಪದ್ಧತಿ." ತಟ್ಟನೆ ಕೆರಳಿದ. "ಈಗ ತಪ್ಪು ದೇವ್ರ ಮ್ಯಾಲ ಹಾಕ್ತೀಯೇನು?"

"ಪೂಜಿ ತಪ್ಪಲ್ಲ. ನೀರು ಬಿದ್ದ ಜಾಗ ತಪ್ಪು."

ಬೋಲ್ಟು ಬಿಚ್ಚಿ, ತಾಮ್ರ ಹೊಳೆಯುವ ತನಕ ಉಪ್ಪುಕಾಗದದಿಂದ ಉಜ್ಜಿದಳು. ಬಿಗಿದಳು. ಟಕ್. ಕಾರಿನೊಳಗಿಂದ ತಣ್ಣನೆ ಗಾಳಿ ಬಂತು.

ವಿರೂಪಾಕ್ಷಪ್ಪ ಗಾಳಿಗೆ ಕೈಯೊಡ್ಡಿ ನಿಂತ. ಸೋತವನ ಮುಖವಲ್ಲ, ಇನ್ನೊಂದು ಕಲ್ಲು ಹುಡುಕುವವನ ಮುಖ. "ಹಂಗಾದ್ರ ನಿನ್ನ ಗಂಡಗ ಯಾಕ ಕಾಣ್ಲಿಲ್ಲ? ದೊಡ್ಡ ಮಿಸ್ತ್ರಿ!"

"ಕಾಯಿಲ್ ಬಿಚ್ಚುವಾಗೆಲ್ಲ ಈ ವೈರು ಅಲುಗ್ತಿತ್ತು, ಕರೆಂಟು ದಾಟ್ತಿತ್ತು. ಕಾಯಿಲ್ಲೇ ರಿಪೇರಿ ಆತು ಅಂದ್ಕೊಂಡ್ರು. ದಾರ್ಯಾಗ ಕುಲುಕಾಡಿ ಮತ್ತ ಬಿಡ್ತಿತ್ತು. ಅವರು ತಪ್ಪಿದ್ರು ಸಾವ್ಕಾರ್ರ. ಕದ್ದಿಲ್ಲ." ಕೈಯ ಹಸಿರನ್ನು ಒರೆಸಿಕೊಂಡಳು. "ಮೀಟರ್ ವಾಪಸ್ ಕೊಡೋದೈತಿ. ಕುರುಗೋಡಿಗೆ ಇದೇ ಕಾರಿನ್ಯಾಗ ಬರ್ತೀನಿ. ಎಲ್ಲಿ ಅಂದಿದ್ರಿ, ಅಲ್ಲೇ ಅನ್ರಿ."

"ನನಗ ದಾರಿ ಸುತ್ತಾಗ್ತೈತಿ."

"ಹೇಳಾಕ ಹೋದಾಗ ಸುತ್ತಾಗ್ಲಿಲ್ಲಾ?"

ಹಾಗೆ ಕೇಳಿದವರು ಚನ್ನವೀರಮ್ಮ. ಅವರು ಆಗಲೇ ಕಾರಿನ ಹಿಂದಿನ ಬಾಗಿಲು ತೆಗೆದು ಕೂತಿದ್ದರು. ಸೊಸೆಯ ಕಡೆ ನೋಡದೆ ಅಂದರು: "ನಿನ್ನ ಸಲುವಾಗಿ ಅಲ್ಲ. ಗಂಡ ಸತ್ತಾಕಿ ತಿಂಗಳೊಳಗ ಹೊಸ್ತಿಲ ದಾಟೋದು ನಾ ಒಪ್ಪೂದಿಲ್ಲ. ನನ್ನ ಮಗನ ಹೆಸರಿಗೆ ಬಂದೀನಿ."

ಕಾರು ಕುರುಗೋಡಿನ ದಾರಿ ಹಿಡಿಯಿತು. ಹೊರಗೆ ಬಿಸಿಲು ಕಲ್ಲುಗುಡ್ಡಗಳನ್ನು ಸುಡುತ್ತಿತ್ತು. ತಂಪು ಸಾಕಾದಾಗ ಕಂಪ್ರೆಸರ್ ಬಿಡುತ್ತಿತ್ತು, ಮತ್ತೆ ಹಿಡಿಯುತ್ತಿತ್ತು. ಪ್ರತಿ ಟಕ್ಕನ್ನೂ ದಾಕ್ಷಾಯಣಿ ಕೇಳಿಸಿಕೊಂಡಳು. ಒಮ್ಮೆ ಅತ್ತೆ ಸೆರಗು ಬಿಗಿದುಕೊಂಡು, "ಥೂ, ಹೆಣಾ ಇಡೋ ತಂಪು," ಎಂದರು.

ಉಚ್ಚೆಂಗೆಪ್ಪ ಅಂಗಡಿಯ ಮುಂದೆ ಬ್ಯಾಟರಿಗೆ ನೀರು ಹಾಕುತ್ತಿದ್ದ. ಎದ್ದು ನಿಲ್ಲಲಿಲ್ಲ. ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದವರು ತಿರುಗಿದರು.

"ಬಂತಾ ಮೀಟರ್? ಇದನ್ನೂ ಮಾರ್ಕೊಂಡನೇನೋ ಅಂದ್ಕೊಂಡಿದ್ದೆ," ಎಂದ ಉಚ್ಚೆಂಗೆಪ್ಪ.

ದಾಕ್ಷಾಯಣಿ ವಿರೂಪಾಕ್ಷಪ್ಪನ ಕಡೆ ನೋಡಿದಳು. ಅವನು ಕಾರಿನಿಂದ ಇಳಿಯದೆ, ಗಾಜನ್ನು ಅರ್ಧ ಇಳಿಸಿ, ಯಾರ ಮುಖವನ್ನೂ ನೋಡದೆ ಒದರಿದ: "ಕಾಯಿಲ್ ನಂದೇ ಐತಿ. ಬದಲಾಗಿಲ್ಲ." ಗಾಜು ಏರಿತು.

ಬೆಂಚಿನವರು ಕೇಳಿಸಿಕೊಂಡರು. ಅಷ್ಟು ಸಾಕಿತ್ತು.

ಅವಳು ಮೀಟರ್ ಚಾಚಿದಳು. ಉಚ್ಚೆಂಗೆಪ್ಪ ಅದನ್ನು ತಿರುಗಿಸಿ ನೋಡಿದ. ಕೆಂಪು ವೈರನ್ನು ಬೆರಳಲ್ಲಿ ಎಳೆದು, ಹುಬ್ಬು ಗಂಟಿಕ್ಕಿದ. "ಇದು ನಾ ಕೊಟ್ಟಾಗ ಹರಿದಿತ್ತು."

"ಅವರು ಬೆಸಗಿ ಹಾಕ್ಯಾರ."

"ಹಾಕು ಅಂತ ನಾ ಹೇಳಿದ್ನಾ?"

"ಇಲ್ಲ," ಅಂದಳು ದಾಕ್ಷಾಯಣಿ. ಕಪ್ಪು ವೈರಿನ ತುದಿ ಇನ್ನೂ ಅವಳ ಮುಂಗೈಗೆ ಸುತ್ತಿಕೊಂಡಿತ್ತು. ಬಿಡಿಸಿ, ಅದನ್ನೂ ಅವನ ಕೈಗಿಟ್ಟಳು.