ಆಳುದ್ದ

"ಮುಳುಗಿದ್ಯೇನೇ?" ಮೇಲಿನಿಂದ ಅಪ್ಪ ಕೂಗಿದ.

"ಮುಳುಗ್ದೆ! ತಲೆ ಕಾಣ್ತಿದ್ಯಾ ನೋಡು!"

ಮಗಳು ಗುಂಡಿಯೊಳಗೆ ಬೆನ್ನು ನೆಟ್ಟಗೆ ಮಾಡಿ ನಿಂತಳು. ಸ್ಮಶಾನದ ಖಾಲಿ ಮೂಲೆಯಲ್ಲಿ ಬೆಳಗಿನಿಂದ ಅಗೆದು ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಇದು ಪರೀಕ್ಷೆಯ ಗುಂಡಿ; ಇದರಲ್ಲಿ ಮಲಗುವವರು ಯಾರೂ ಇರಲಿಲ್ಲ. ಊರಿನ ಹೆಣಗಳಿಗೆ ಗುಂಡಿ ತೋಡುವ ಅಪ್ಪನ ಮಂಡಿ ಕೈಕೊಟ್ಟಿತ್ತು. ಅವಳೊಬ್ಬಳೇ ಆಳುದ್ದ ತೋಡಿದರೆ ಗುದ್ದಲಿ ಅವಳದು. ಇಲ್ಲವಾದರೆ ಸ್ಮಶಾನ ಸಮಿತಿಯವರು ಯಂತ್ರ ತರಿಸುತ್ತಾರೆ, ಅವಳು ಮತ್ತೆ ಹೊಲಿಗೆ ಅಂಗಡಿಯ ಕತ್ತಲಲ್ಲಿ ಕೂತು ಕಾಜಾ ಹಾಕಬೇಕು. ಆಳುದ್ದ ಎಂದರೆ ತೋಡುವವರ ತಲೆ ಮುಳುಗುವಷ್ಟು. ಅವರ ಮನೆಯಲ್ಲಿ ಯಾರೂ ಅಳತೆ ಟೇಪು ಮುಟ್ಟಿದವರಲ್ಲ.

ಎತ್ತರ ನೋಡಿ ಊರೆಲ್ಲ ಏಣಿ ಎಂದು ಕರೆಯುವ ಅಪ್ಪ ಕೋಲು ಇಳಿಬಿಟ್ಟು ಮುಖ ಸಿಂಡರಿಸಿದ. "ಇದು ನನ್ನ ಭುಜಕ್ಕೂ ಬರಲ್ವಲ್ಲೇ. ಇನ್ನೂ ಒಂದಡಿ ಬೇಕು."

"ಆಳುದ್ದ ಅಂದ್ಯಲ್ಲ. ಇಲ್ಲಿ ಆಳು ನಾನು ತಾನೆ?"

"ನೀನು ಅರ್ಧ ಆಳು."

"ಅರ್ಧ ಆಳನ್ನ ಹುಟ್ಟಿಸಿದ್ದು ಯಾರಪ್ಪಾ?"

ಅಷ್ಟರಲ್ಲಿ ಅತ್ತೆ, ಅಪ್ಪನ ಅಕ್ಕ, ಟೀ ಫ್ಲಾಸ್ಕು ಹಿಡಿದು ಬಂದು ಮಣ್ಣಿನ ಗುಡ್ಡೆಯ ಮೇಲೆ ಕೂತಳು. "ಏನೋ ನಿಂದು ರಗಳೆ?"

"ಆಳ ಕಮ್ಮಿ ಆದ್ರೆ ನರಿ ಕೆದಕುತ್ತೆ ಅಕ್ಕ. ನಮ್ಮ ತಾತ ಅದಕ್ಕೇ ಈ ಲೆಕ್ಕ ಇಟ್ಟಿದ್ದು."

ಅತ್ತೆಗೆ ಟೀ ನೆತ್ತಿಗೇರಿತು. "ನರಿಯಂತೆ! ಈ ಊರಲ್ಲಿ ನರಿ ಕಂಡಿದ್ಯೇನೋ? ಮೊದ್ಲು ಎಲ್ರೂ ಎದೆಮಟ್ಟ ತೋಡ್ತಿದ್ರು. ತಾತ ಚುಟ್ಟ ಸೇದೋದು ಅಜ್ಜಿಗೆ ಆಗ್ತಿರ್ಲಿಲ್ಲ. ತಲೆ ಕಾಣದಷ್ಟು ತೋಡ್ಕೊಂಡು ಒಳಗೆ ನಿಂತು ಸೇದೋನು. ಕೇಳಿದ್ರೆ, 'ಆಳುದ್ದ ಆಗ್ಬೇಕು ಕಣೇ, ಶಾಸ್ತ್ರ' ಅನ್ನೋನು."

"ಹೊಗೆ ಕಾಣ್ತಿರ್ಲಿಲ್ವಾ?" ಮಗಳು ಕೆಳಗಿನಿಂದ ಕೇಳಿದಳು.

"ಕಾಣದೆ ಏನು! ಅಜ್ಜಿಗೂ ಸ್ವಲ್ಪ ಹೊತ್ತು ನೆಮ್ಮದಿ ಬೇಕಿತ್ತಲ್ಲ."

ಅಪ್ಪ ಕಣ್ಣು ಬಿಟ್ಟ. "ಅಯ್ಯೋ ಮುದುಕಾ! ನಿನ್ನ ಚುಟ್ಟಕ್ಕೆ ನನ್ನ ಮಂಡಿ ಹೋಯ್ತಲ್ಲೋ!" ಎಂದು ಹಣೆ ಚಚ್ಚಿಕೊಂಡ. ಆಮೇಲೆ ಅವನಿಗೆ ನಗು ಬಂತು. ಕೋಲು ಕೈಜಾರಿ ಬೀಳುವಷ್ಟು ಬಂತು.

"ಗುದ್ದಲಿ ಮೇಲೆ ಕೊಡ್ಲಾ?" ಮಗಳ ದನಿ ಸಣ್ಣದಾಯಿತು.

"ಯಾಕೆ? ನಿನ್ನ ಹತ್ರಾನೇ ಇರ್ಲಿ. ಕೈ ಕೊಡು, ಇಳೀತೀನಿ."

ಮಂಡಿ ಹಿಡಿದುಕೊಂಡು ಇಳಿದು ನಿಂತರೆ ಅಪ್ಪನ ತಲೆ ಭುಜ ಎರಡೂ ಹೊರಗೆ. ಮಗಳು ಅಂಗಿ ಹಿಡಿದು ಎಳೆದಳು. ಇಬ್ಬರೂ ತಂಪು ಮಣ್ಣಿಗೆ ಬೆನ್ನು ಕೊಟ್ಟು ಕೂತರು. ಅಪ್ಪ ಮೇಲೊಮ್ಮೆ ನೋಡಿ ಮೆಲ್ಲಗೆ ಜೇಬು ತಡಕಿದ. ಅತ್ತೆ ಜೋರಾಗಿ ಕೆಮ್ಮಿ, ಗೇಟಿನ ಕಡೆ ತಿರುಗಿ ಕೂತಳು.

ಚೌಕದ ಆಕಾಶಕ್ಕೆ ಹೊಗೆ ಏರಿತು.