ಮದುವೆಯ ಮಂಚ

ಬಡಗಿಯ ಮನೆಯಲ್ಲಿ ಯಾರ ಮದುವೆ ಗೊತ್ತಾದರೂ ಮಂಚ ಅಂಗಡಿಯಿಂದ ಬರುವಂತಿರಲಿಲ್ಲ, ಅವನ ಕೈಯಿಂದಲೇ ಆಗಬೇಕು. ಅದು ಅವನ ಹಟ. ಹಿಂದೆ ತಂಗಿಗೆ ಮಾಡಿಕೊಟ್ಟಿದ್ದ, ಈಗ ಒಬ್ಬನೇ ಮಗನಿಗೆ ಮಾಡುತ್ತಿದ್ದ. ಮಗನೂ ಅದೇ ಕೆಲಸ ಕಲಿತವನು. ತನ್ನ ಮದುವೆಯ ಮಂಚದ ಕಾಲಿಗೆ ತಾನೇ ಉಪ್ಪುಕಾಗದ ಉಜ್ಜುತ್ತ ಕೂತಿದ್ದ.

ಅವನಿಗೆ ಇಷ್ಟವಾಗುತ್ತಿದ್ದುದು ಹುಡುಗರು, ಹುಡುಗಿಯರಲ್ಲ. ಬುದ್ಧಿ ಬಂದಾಗಿನಿಂದ ಅದು ಅವನಿಗೆ ಗೊತ್ತು. ಬಾಯಿಬಿಟ್ಟು ಹೇಳಲು ಮಾತ್ರ ನಾಲಿಗೆ ಏಳುತ್ತಿರಲಿಲ್ಲ. ಅಷ್ಟರಲ್ಲಿ ಪೇಟೆಯ ಟಾಕೀಸಿಗೆ ಒಂದು ನಗೆ ಸಿನಿಮಾ ಬಂತು. ಇವನಂಥವರೇ ಆದ ಕೆಲವು ಹುಡುಗ ಹುಡುಗಿಯರು ಅಪ್ಪ ಅಮ್ಮನ ಮುಂದೆ ನಿಜ ಹೇಳಲು ಹೋಗಿ ಪಡುವ ಪಾಡೇ ಅದರ ಕಥೆ. ತಾನು ಹೇಳಲಾರದ್ದನ್ನು ಪರದೆಯೇ ಹೇಳಲಿ ಎಂದು ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋದ. ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡ.

ನಡೆದದ್ದೇ ಬೇರೆ. ಇಡೀ ಟಾಕೀಸಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ಅಪ್ಪನೇ! ಸಿನಿಮಾದ ಅಪ್ಪ ಗಾಬರಿಯಲ್ಲಿ ಹೂದಾನಿಯ ನೀರು ಕುಡಿದಾಗ ಬಡಗಿ ಹೊಟ್ಟೆ ಹಿಡಿದುಕೊಂಡು ಬಗ್ಗಿಬಿಟ್ಟ. ಬಡಗಿಯ ತಂಗಿ, ಹುಡುಗನ ಸೋದರತ್ತೆ, ಅವಳೊಬ್ಬಳು ಮಾತ್ರ ನಗದೆ ಕೂತಿದ್ದಳು. ಮನೆಗೆ ಬರುವ ದಾರಿಯುದ್ದಕ್ಕೂ ಅಪ್ಪನದು ಒಂದೇ ಮಾತು: ಆ ಅಪ್ಪ ಶುದ್ಧ ಪೆದ್ದ, ಬೇಗ ಒಂದು ಮದುವೆ ಮಾಡಿದ್ದರೆ ಹುಡುಗ ತಾನಾಗಿ ಸರಿಹೋಗುತ್ತಿದ್ದ.

ಮಗನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಮರುದಿನ ಬೆಳಿಗ್ಗೆ ಶೆಡ್ಡಿನಲ್ಲಿ ಉಪ್ಪುಕಾಗದ ಕೆಳಗಿಟ್ಟು ಎದ್ದು ನಿಂತ.

“ಅಪ್ಪ, ಆ ಸಿನಿಮಾದ ಹುಡುಗನ ಹಾಗೇ ನಾನೂ. ನನಗೆ ಈ ಮದುವೆ ಬೇಡ.”

ಅಪ್ಪ ಮೊದಲು ನಕ್ಕ. ಮಗನ ಮುಖ ನೋಡಿ ಅವನ ಉಳಿ ನಿಂತಿತು. ಬಾಗಿಲಲ್ಲಿದ್ದ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಶುರುವಾಯಿತು ನೋಡಿ ಅಪ್ಪನ ಉಪದೇಶ: ಗೊತ್ತಾದ ಸಂಬಂಧ ಮುರಿದರೆ ನಾಲ್ಕು ಜನ ಉಗಿಯುತ್ತಾರೆ, ಇದೆಲ್ಲ ವಯಸ್ಸಿನ ಹುಚ್ಚು, ಒಂದು ಮಗುವಾದರೆ ಇಳಿದುಹೋಗುತ್ತದೆ. ಹುಡುಗಿ ನರ್ಸು, ತಾಳ್ಮೆಯವಳು, ಹೊಂದಿಕೊಂಡು ಹೋಗುತ್ತಾಳೆ. ಅವಳಿಗೆ ಮಾತ್ರ ಹೇಳಬಾರದು.

“ಅವಳೇನು ತಪ್ಪು ಮಾಡಿದ್ದಾಳೆ ಅಂತ ಅವಳಿಗೆ ಮೋಸ ಮಾಡ್ಲಿ?” ಎಂದ ಮಗ.

ಚಹಾ ತಂದಿದ್ದ ಅತ್ತೆ ಲೋಟಗಳನ್ನು ಅರ್ಧ ಮುಗಿದ ಮಂಚದ ಮೇಲಿಟ್ಟಳು. ಮದುವೆಯಾಗಿ ಹೋದವಳು ಮಂಚದ ಸಮೇತ ಅಣ್ಣನ ಮನೆಗೆ ಮರಳಿದ್ದಳು. ಗಂಡನನ್ನು ಉಳಿಸಿಕೊಳ್ಳಲಾರದವಳು ಎಂದು ಬೀದಿಯವರು ಆಡಿಕೊಂಡಾಗ ಒಂದು ದಿನವೂ ಬಾಯಿ ತೆರೆದವಳಲ್ಲ.

“ಅಣ್ಣ, ನನ್ನ ಗಂಡ ಕೆಟ್ಟವನಾಗಿರಲಿಲ್ಲ, ಪಾಪ. ಇವನ ಹಾಗೇ ಇದ್ದ. ನೀನು ಮಾಡಿಕೊಟ್ಟ ಮಂಚದ ಮೇಲೆ ನಾನೊಬ್ಬಳೇ ಮಲಗ್ತಿದ್ದೆ, ಅವನು ನೆಲದ ಮೇಲೆ ಮಲಗಿ ಅಳ್ತಿದ್ದ. ಮಗನಿಗೆ ಸಂಸಾರ ಬೇಡ ಅಂತ ಗೊತ್ತಿದ್ದೂ ನನ್ನನ್ನು ಕಟ್ಟಿದಳು ಅಂತ ಅವನಮ್ಮನಿಗೆ ನೀನು ಹಾಕಿದ ಶಾಪ ಇನ್ನೂ ನನ್ನ ಕಿವೀಲಿದೆ. ಈಗ ನೀನು ಮಾಡ್ತಿರೋದೇನು?”

ಮದುವೆಯೇನು ಜ್ವರದ ಗುಳಿಗೆಯೇ? ಒಬ್ಬರನ್ನು ಸರಿಮಾಡುತ್ತೇವೆಂದು ಇಬ್ಬರ ಬಾಳು ಹಾಳುಮಾಡುವ ಈ ಔಷಧವನ್ನು ಇನ್ನೂ ಎಷ್ಟು ಮನೆಗಳಲ್ಲಿ ಅರೆಯುತ್ತಿದ್ದಾರೋ! ಬಡಗಿ ಉಳಿ ಕೆಳಗಿಟ್ಟ. ಮರದ ಹೊಟ್ಟಿನ ಮೇಲೆ ಕುಸಿದು ಕೂತ.

ಹುಡುಗಿಗೆ ನಿಜ ತಾನೇ ಹೇಳುತ್ತೇನೆಂದು ಮಗ ಚಪ್ಪಲಿ ಮೆಟ್ಟಿದ. ಅತ್ತೆಯೂ ಹೊರಟಳು. ಬೀದಿಯ ತಿರುವಿನಲ್ಲಿ ಹಿಂದೆ ಹೆಜ್ಜೆ ಸಪ್ಪಳ ಕೇಳಿತು. ಅಪ್ಪ, ತಲೆತುಂಬ ಹೊಟ್ಟು, ಅಮ್ಮ ಅವಸರದಲ್ಲಿ ತೊಡಿಸಿ ಕಳಿಸಿದ ಅಂಗಿಯ ಗುಂಡಿಯೆಲ್ಲ ಅಡ್ಡಾದಿಡ್ಡಿ.

“ಮಾತು ಕೊಟ್ಟವನು ನಾನು. ಅವರಪ್ಪನ ಹತ್ರ ನಾನೇ ಕ್ಷಮೆ ಕೇಳ್ತೀನಿ.”

ಮೂವರೂ ಸ್ವಲ್ಪ ದೂರ ನಡೆದರು. ಆಮೇಲೆ ಅಪ್ಪ ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತ, ನಗುವಿನ ಭರದಲ್ಲಿ ತನಗೆ ಸರಿಯಾಗಿ ಕೇಳಿಸಲಿಲ್ಲ, ಸಿನಿಮಾದ ಆ ಅಪ್ಪ ಕೊನೆಗೆ ಏನಂದ ಎಂದು ಕೇಳಿದ.

“ಏನೂ ಅನ್ನಲಿಲ್ಲಪ್ಪ,” ಎಂದ ಮಗ. “ಮಗನ ಜೊತೆ ಬಂದ.”