ದೇವರ ಜಗಲಿಯ ಫ್ಯೂಜು

ಬ್ಯಾಡಗಿಯಲ್ಲಿ ಕರೆಂಟು ಹೋದರೆ ಜನ ಬೈಯುವುದನ್ನೂ ಬಿಟ್ಟಿದ್ದ ಕಾಲವದು. ಬೈದು ಬೈದು ಬಾಯಿ ನೋಯಿತೇ ಹೊರತು ಕರೆಂಟೇನೂ ಬರಲಿಲ್ಲ. ತೊಂಬತ್ತಾರನೇ ಇಸವಿಯ ಬೇಸಿಗೆಗೆ ಮುಂಚೆ ಫೋಟೋ ಸ್ಟುಡಿಯೋದ ಡಾಕಪ್ಪ ರಾಣೆಬೆನ್ನೂರಿನಿಂದ ಒಂದು ಹಳೆಯ ಜನರೇಟರ್ ತಂದ. ಒಬ್ಬನೇ ಎತ್ತಿ ಇಡಬಹುದಾದಷ್ಟು ಸಣ್ಣದು, ಸದ್ದು ಮಾತ್ರ ಹಿಟ್ಟಿನ ಗಿರಣಿಯದು. ಹಗಲು ಅದು ಸ್ಟುಡಿಯೋದಲ್ಲಿ ದುಡಿಯುತ್ತಿತ್ತು, ಸಂಜೆ ಸ್ಕೂಟರ್ ಏರಿ ಮನೆಗೆ ಬರುತ್ತಿತ್ತು.

ಅದನ್ನು ಮನೆಗೆ ಜೋಡಿಸಲು ಹಾವೇರಿಯಿಂದ ವೈರಮನ್ ಫಕ್ರುದ್ದೀನ ಬಂದ. ಮೀಟರ್ ಬೋರ್ಡಿನ ಹತ್ತಿರ ಹಿಡಿಕೆ ತಿರುಗಿಸುವ ದೊಡ್ಡ ಸ್ವಿಚ್ಚು ಹಾಕಬೇಕು, ಹಿಡಿಕೆ ಈ ಕಡೆ ಇದ್ದರೆ ಕಂಬದ ಕರೆಂಟು, ಆ ಕಡೆ ಇದ್ದರೆ ಜನರೇಟರಿನದು, ಎರಡೂ ಯಾವತ್ತೂ ಕೂಡಬಾರದು ಎಂದು ಬಿಡಿಸಿ ಹೇಳಿದ. "ಮುಂದಿನ ತಿಂಗಳ ನೋಡೂಣು ತಗೋ" ಎಂದ ಡಾಕಪ್ಪ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ ಅವನು. ಎರಡೂ ತುದಿಗೆ ಪಿನ್ನಿರುವ ವೈರ್ ಮಾಡಿ ಪಡಸಾಲೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಸಾಕಲ್ಲ, ಮನೆಯೆಲ್ಲ ಬೆಳಗುತ್ತದಲ್ಲ ಎಂಬುದು ಅವನ ವಾದ. "ಅದನ್ನ ನಾ ಮಾಡೂದಿಲ್ರಿ" ಎಂದು ಫಕ್ರುದ್ದೀನ ಕೈ ತೊಳೆದುಕೊಂಡ. ಡಾಕಪ್ಪ ತಾನೇ ಕೂತು, ಟೇಪು ಸುತ್ತಿ, ಆ ವೈರ್ ಮಾಡಿಕೊಂಡ.

ಹೋಗುವ ಮುಂಚೆ ಫಕ್ರುದ್ದೀನ ಡಾಕಪ್ಪನ ಹೆಂಡತಿ ಜಯವ್ವನನ್ನು ಬೋರ್ಡಿನ ಹತ್ತಿರ ಕರೆದ. ಬೋರ್ಡು ಇದ್ದದ್ದು ದೇವರ ಖೋಲಿಯಲ್ಲಿ. ಹಿತ್ತಿಲ ಗಲ್ಲಿಯ ಕಂಬದಿಂದ ತಂತಿ ಬರುವುದು ಆ ಗೋಡೆಗೇ.

"ಅಕ್ಕಾರ, ಮಷೀನ ಚಾಲೂ ಮಾಡೂಕಿಂತ ಮೊದಲ ಈ ಫ್ಯೂಜ್ ಕಿತ್ತು ತಗೀರಿ. ಹಂಗ ಬಿಟ್ರ ನಿಮ್ಮ ಮನಿ ಕರೆಂಟ ತಿರುಗಿ ಕಂಬಕ್ಕ ಹೋಗತೈತಿ. ಕಂಬದ ಮ್ಯಾಲೆ ಒಬ್ಬಾಂವ ಇರತಾನ್ರಿ."

ಜಯವ್ವ ಅದನ್ನು ವ್ರತದಂತೆ ಹಿಡಿದಳು. ಕರೆಂಟು ಹೋದ ಕೂಡಲೇ ಆ ಪಿಂಗಾಣಿ ಫ್ಯೂಜನ್ನು ಕಿತ್ತು, ದೇವರ ಜಗಲಿಯ ಮೇಲೆ ಕುಂಕುಮದ ಭರಣಿಯ ಪಕ್ಕ ಇಡುವಳು. ಡಾಕಪ್ಪ ಅಂಗಳದಿಂದ "ಜಯಾ, ಆತೇನ?" ಎನ್ನುವನು. "ಆತ್ರಿ" ಎಂದ ಮೇಲೆಯೇ ಜನರೇಟರಿನ ಹಗ್ಗ ಜಗ್ಗುವನು. ಅತ್ತೆ ಹೊಳಿಯವ್ವ ಮೊದಮೊದಲು ಗೊಣಗಿದಳು, ಆಮೇಲೆ ದೇವಿಗೆ ಹಚ್ಚುವಾಗ ಫ್ಯೂಜಿಗೂ ಒಂದು ಬೊಟ್ಟು ಕುಂಕುಮ ಹಚ್ಚತೊಡಗಿದಳು. ಎರಡು ತಿಂಗಳಲ್ಲಿ ಒಮ್ಮೆಯೂ ತಪ್ಪಲಿಲ್ಲ. ಹೆಂಡತಿ ಮಾಡುವ ಕೆಲಸ ತಪ್ಪದಿದ್ದರೆ ಅದೊಂದು ಕೆಲಸ ಅಂತಲೇ ಗಂಡನಿಗೆ ಅನಿಸುವುದಿಲ್ಲ. ಡಾಕಪ್ಪನಿಗೂ ಹಾಗೇ ಆಯಿತು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಗಾಳಿ ಎದ್ದು, ಹಿತ್ತಿಲ ಗಲ್ಲಿಯ ತಂತಿ ಹರಿದು ಬಿತ್ತು. ಡಾಕಪ್ಪನದೂ ಸೇರಿ ಗಲ್ಲಿಯ ಕೊನೆಯ ಮೂರು ಮನೆಗೆ ಮಾತ್ರ ಕರೆಂಟಿಲ್ಲ. ಅದೇ ದಿನ ಬೆಳಿಗ್ಗೆ ಜಯವ್ವ ಹೊರಗಾಗಿದ್ದಳು. ಹೊಳಿಯವ್ವನ ಮನೆಯಲ್ಲಿ ಅದಕ್ಕೆ ಮೂರು ದಿನ ಹಿತ್ತಿಲ ತಗಡಿನ ಚಪ್ಪರವೇ ಗತಿ. ಚಾಪೆ, ತಂಬಿಗೆ, ತಾಟು ಎಲ್ಲ ಬೇರೆ. ಒಳಗೆ ಕಾಲಿಡುವಂತಿಲ್ಲ, ದೇವರ ಖೋಲಿಯಂತೂ ದೂರದ ಮಾತು.

ಐದು ಗಂಟೆಯ ಸುಮಾರಿಗೆ ಲೈನಮನ್ ಮೈಲಾರೆಪ್ಪ ಹೆಗಲಿಗೆ ಹಗ್ಗ ಹಾಕಿಕೊಂಡು ಬಂದ. ಮೋಟು ಗೋಡೆಯ ಆಚೆಯಿಂದ ನೀರು ಕೇಳಿದ.

"ನಾ ಇವತ್ತ ಕೊಡಂಗಿಲ್ಲಣ್ಣಾ. ತಡೀರಿ, ಅತ್ತಿನ್ನ ಕರೀತೇನಿ."

"ನೀರಿಗೆಂಥಾ ಮೈಲಿಗಿ ತಂಗಿ? ತಾ ಇಲ್ಲೆ." ಅವಳ ತಂಬಿಗೆಯಿಂದಲೇ ಗಟಗಟ ಕುಡಿದ. "ಗಲ್ಲಿ ಬಾಯಾಗಿನ ಕಂಬದಾಗ ತಂತಿ ಬಿಚ್ಚಿ ಬಂದೇನಿ. ಈಗ ಇದರ ಮ್ಯಾಲೆ ಇರಿವಿ ಓಡ್ಯಾಡಿದ್ರೂ ಏನಾಗೂದಿಲ್ಲ. ಅರ್ಧಾ ತಾಸಿನಾಗ ನಿಮ್ಮ ಮನಿಗೆ ಕರೆಂಟ" ಎಂದು ನಕ್ಕು ಕಂಬ ಹತ್ತತೊಡಗಿದ.

ಮುಂದಿನ ಅಂಗಳದಲ್ಲಿ ಡಾಕಪ್ಪ ಆಗಲೇ ಜನರೇಟರ್ ಇಳಿಸಿದ್ದ. ಟೀವಿಯಲ್ಲಿ ಶಾರ್ಜಾದ ಕ್ರಿಕೆಟ್ ಮ್ಯಾಚು ನೋಡಲು ಪಡಸಾಲೆಯ ತುಂಬ ಓಣಿಯ ಮಂದಿ. ಅಭ್ಯಾಸದಂತೆ "ಜಯಾ, ಆತೇನ?" ಎಂದವನಿಗೆ ಹೆಂಡತಿ ಹೊರಗಿದ್ದದ್ದು ನೆನಪಾಯಿತು. ತಾಯಿಗೆ ಫ್ಯೂಜ್ ಕೀಳಲು ಹೇಳಿದ.

"ನಾ ಮುಟ್ಟಾಕಿಯಲ್ಲಪ್ಪ ಅದನ್ನ, ಹೊಡದ್ರ?"

"ಇರಲಿ ಬಿಡು. ಕಂಬದಾಗ ಕರೆಂಟ ಇಲ್ಲ, ಫ್ಯೂಜ್ ಇದ್ರೇನ, ಬಿಟ್ರೇನ."

ಅತ್ತೆಯ ಮಾತು ಹಿತ್ತಿಲಿಗೆ ಕೇಳಿಸಿತು, ಗಂಡನದೂ ಕೇಳಿಸಿತು. ಜಯವ್ವ ಚಪ್ಪರದಿಂದ ದಡಬಡಿಸಿ ಎದ್ದಳು. "ಹಚ್ಚಬ್ಯಾಡ್ರಿ!" ಎಂದು ಕೂಗುವಷ್ಟರಲ್ಲಿ ಜನರೇಟರ್ ಗುಡುಗತೊಡಗಿತ್ತು. ಪಕ್ಕದ ಕರಿಯವ್ವನ ಬಚ್ಚಲಲ್ಲಿ ಬಲ್ಬು ಹತ್ತಿತು. "ಕರೆಂಟ ಬಂತು!" ಎಂದು ಕರಿಯವ್ವ ಒಳಗಿನಿಂದ ಹಿಗ್ಗಿದಳು. ಆ ಬಲ್ಬು ಜನರೇಟರಿನ ಏರಿಳಿತಕ್ಕೆ ಸರಿಯಾಗಿ ಮಂಕಾಗುತ್ತ, ಬೆಳಗುತ್ತ ಇತ್ತು. ಅದು ಎಲ್ಲಿಯ ಕರೆಂಟು ಎಂಬುದು ಜಯವ್ವನಿಗೆ ಮಾತ್ರ ಗೊತ್ತಾಯಿತು.

ಮೈಲಾರೆಪ್ಪ ಕಂಬದ ತುದಿಯಲ್ಲಿ ತಂತಿ ಜಗ್ಗುವ ಹಗ್ಗ ಕಟ್ಟುತ್ತಿದ್ದ. ತಂತಿಗೆ ಇನ್ನೂ ಕೈ ಹಾಕಿರಲಿಲ್ಲ. "ಅಣ್ಣಾ, ಮುಟ್ಟಬ್ಯಾಡ್ರಿ! ಇಳೀರಿ!" ಅವಳ ದನಿ ಜನರೇಟರಿನ ಸದ್ದಿನಲ್ಲಿ ಮುಳುಗಿತು. ಅವನು ಕೆಳಗೆ ನೋಡಿ, ಏನೋ ಚೇಷ್ಟೆ ಮಾಡುತ್ತಾಳೆಂದು ನಕ್ಕು ತಲೆಯಾಡಿಸಿದ.

ಜಯವ್ವ ಹಿತ್ತಿಲ ಬಾಗಿಲಿಗೆ ಓಡಿದಳು. ಅಡುಗೆಮನೆ ದಾಟಿದರೆ ದೇವರ ಖೋಲಿ, ಹತ್ತು ಹೆಜ್ಜೆ. ಬಾಗಿಲಲ್ಲಿ ಹೊಳಿಯವ್ವ ಸಂಜೆಯ ದೀಪಕ್ಕೆ ಬತ್ತಿ ಹೊಸೆಯುತ್ತ ಕೂತಿದ್ದಳು. ಸೊಸೆ ಕಾಲೆತ್ತಿದ್ದು ನೋಡಿ ಕೈ ಅಡ್ಡ ಚಾಚಿದಳು.

"ಅಲ್ಲೇ ನಿಂದ್ರು!"

ಜಯವ್ವ ನಿಂತಳು. ಎತ್ತಿದ ಕಾಲು ಹೊಸ್ತಿಲ ಮೇಲೆಯೇ ಉಳಿಯಿತು. ಒಂಬತ್ತು ವರ್ಷ ಆ ಮಾತಿಗೆ ನಿಂತು ರೂಢಿಯಾದ ಕಾಲು ಅದು. "ಅತ್ತೀ, ಫ್ಯೂಜ್, ಕಂಬದ ಮ್ಯಾಲೆ ಮನಷ್ಯಾ ಅದಾನ" ಎಂದು ತೊದಲಿದಳು. "ದೀಪ ಹಚ್ಚೂ ಹೊತ್ತಿನಾಗ ಏನದು ನಿಂದು" ಎಂದು ಹೊಳಿಯವ್ವ ಗದರಿದಳು. ಎಷ್ಟು ಹೊತ್ತು ಹಾಗೆ ನಿಂತಿದ್ದಳು? ಒಂದು ಎಲೆಗೆ ಸುಣ್ಣ ಸವರಿ ಮಡಚುವಷ್ಟು ಹೊತ್ತು, ಅಷ್ಟೇ. ಆಮೇಲೆ ಅತ್ತೆಯ ಕೈಯನ್ನು ದೂಡಿ, ಬತ್ತಿ ಎಣ್ಣೆ ಎಲ್ಲ ಚೆಲ್ಲಾಡಿ, ಒಳಗೆ ಓಡಿದಳು. ಫ್ಯೂಜಿಗೆ ಕೈ ಹಾಕುವಾಗಲೇ ಹಿತ್ತಿಲ ಗಲ್ಲಿಯಲ್ಲಿ ಧೊಪ್ಪೆಂದು ಸದ್ದಾಯಿತು.

ಮಂದಿ ಓಡಿ ಬಂದಾಗ ಅವಳು ದೇವರ ಮುಂದೆ ಫ್ಯೂಜ್ ಹಿಡಿದುಕೊಂಡು ನಿಂತಿದ್ದಳು. ಮೈಲಾರೆಪ್ಪನನ್ನು ಜೀಪಿನಲ್ಲಿ ಹಾಕಿದರು. ಹಾವೇರಿಯ ದವಾಖಾನೆ ಮುಟ್ಟುವ ಮೊದಲೇ ಅವನು ತೀರಿಕೊಂಡ. ಅವನ ಹೆಂಡತಿ ಗದಿಗೆವ್ವ ಅತ್ತದ್ದು ಮೂರು ಓಣಿಗೆ ಕೇಳಿಸಿತು.

ಹೊಳಿಯವ್ವ ಕಾರಣವನ್ನು ಕೂಡಲೇ ಕಂಡುಹಿಡಿದಳು. "ಹೊರಗಾದಾಕಿ ದೇವರ ಖೋಲಿ ಹೊಕ್ಕಳವ್ವಾ. ದೇವಿ ಬಿಡತಾಳೇನು?" ಬಂದವರೆಲ್ಲ ಹೌದೆಂದು ತಲೆದೂಗಿದರು. ಚಪ್ಪರದಲ್ಲಿ ಜಯವ್ವ ಅನ್ನ ಮುಟ್ಟಲಿಲ್ಲ. ಅವನು ನೀರು ಕುಡಿದ ತಂಬಿಗೆ ಅಲ್ಲೇ ಇತ್ತು. ಒಳಗೆ ಹೋದದ್ದರಿಂದ ಅವನು ಸತ್ತ ಎನ್ನುತ್ತಾರೆ ಇವರು. ನಿಂತದ್ದರಿಂದ ಸತ್ತ ಎಂಬುದು ಅವಳೊಬ್ಬಳಿಗೇ ಗೊತ್ತು. ತನ್ನ ಕಾಲನ್ನೇ ನೋಡಿ ಅವಳಿಗೆ ಹೇಸಿಗೆಯಾಗುತ್ತಿತ್ತು.

ಮರುದಿನ ಬೆಳಿಗ್ಗೆ ಡಾಕಪ್ಪ ಹಿತ್ತಿಲಿಗೆ ಬಂದು, ಮುಖ ನೋಡದೆ ಪಿಸುಗುಟ್ಟಿದ. "ಕರೆಂಟ ಆಫೀಸಿನ ಸಾಹೇಬ್ರು ಬರತಾರ. ಫ್ಯೂಜ್ ಮೊದಲ ತಗದಿತ್ತು ಅನ್ನೂಣು. ನಿನ್ನ ಕೈಯಾಗ ಇದ್ದದ್ದು ಎಲ್ಲಾರೂ ನೋಡ್ಯಾರ. ಅದೊಂದ ನಮ್ಮನ್ನ ಉಳಸೂದು, ಜಯಾ." ಫ್ಯೂಜು ಅವಳ ಸೆರಗಿನ ಗಂಟಿನಲ್ಲಿತ್ತು.

ಹನ್ನೊಂದಕ್ಕೆ ಸಾಹೇಬರು ಬಂದರು, ಜೊತೆಗೆ ಹಿರಿಯ ಲೈನಮನ್ ಉಡಚಪ್ಪ. ಪಡಸಾಲೆಯ ಮಾತು ಹಿತ್ತಿಲ ಬಾಗಿಲಿಗೆ ಸ್ವಚ್ಛ ಕೇಳುತ್ತಿತ್ತು.

"ಫ್ಯೂಜ್ ತಗದ ಮ್ಯಾಲೇನ ಮಷೀನ ಹಚ್ಚಿದ್ದುರಿ" ಎಂದ ಡಾಕಪ್ಪ.

"ಹಂಗಂದ್ರ ಮೈಲಾರೆಪ್ಪ ಲೈನ್ ಬಂದ್ ಮಾಡದ ಹತ್ತ್ಯಾನ. ತಪ್ಪು ಅವಂದ" ಎಂದು ಸಾಹೇಬರು ಪೆನ್ನು ತೆಗೆದರು.

"ಅವಾ ಬಂದ್ ಮಾಡದ ಒಂದ ದಿನಾನೂ ಹತ್ತಿದವನಲ್ರಿ" ಎಂದ ಉಡಚಪ್ಪ. "ಗಲ್ಲಿ ಬಾಯಾಗ ತಂತಿ ಬಿಚ್ಚಿದ್ದು ಇನ್ನೂ ಹಂಗ ಜೋತು ಬಿದ್ದೈತಿ. ನಾನ ನೋಡಿ ಬಂದೇನ್ರಿ."

"ಹಂಗಾದ್ರ ಕರೆಂಟ ಎಲ್ಲಿಂದ ಬಂತು?"

ಜಯವ್ವ ಎದ್ದಳು. ಬಾಗಿಲಲ್ಲಿದ್ದ ಹೊಳಿಯವ್ವ ಮತ್ತೆ ಕೈ ಅಡ್ಡ ಚಾಚಿದಳು. "ಅಲ್ಲೇ ನಿಂದ್ರು!"

ಜಯವ್ವ ನಿಲ್ಲಲಿಲ್ಲ. ಹೊಸ್ತಿಲು ದಾಟಿ, ಅಡುಗೆಮನೆ ದಾಟಿ, ದೇವರ ಖೋಲಿಯ ಮುಂದೆ ಹಾಯ್ದು ಪಡಸಾಲೆಗೆ ಬಂದಳು. ಸೆರಗಿನ ಗಂಟು ಬಿಚ್ಚಿ, ಕುಂಕುಮ ಹತ್ತಿದ್ದ ಫ್ಯೂಜನ್ನು ಸಾಹೇಬರ ಕಾಗದದ ಮೇಲೆ ಇಟ್ಟಳು.

"ನಮ್ಮ ಮನಿಯಿಂದ ಬಂತ್ರಿ. ಇದನ್ನ ನಾ ಕಿತ್ತದ್ದು ಅಣ್ಣ ಬಿದ್ದ ಮ್ಯಾಲೆ. ಅದಕ್ಕಿಂತ ಮೊದಲ ನಾ ಹೊಸ್ತಲದಾಗ ನಿಂತಿದ್ದೆ."

ಡಾಕಪ್ಪ ತಲೆ ತಗ್ಗಿಸಿದ. ಸಾಹೇಬರು ಬರೆಯತೊಡಗಿದರು. ಹಿಂದಿನಿಂದ ಹೊಳಿಯವ್ವ, ಸೊಸೆ ತುಳಿದ ಜಾಗಕ್ಕೆಲ್ಲ ಗೋಮೂತ್ರ ಚಿಮುಕಿಸುತ್ತ ಬರುತ್ತಿದ್ದಳು.